ನಾನಿಲ್ಲದ ಗ್ರಾಮಸಭೆ

ಆ ಸಭೆಯಲ್ಲಿ ನಾನು ಇರಲಿಲ್ಲ. ಇದ್ದೆ ಎಂದು ಬರೆದುಕೊಟ್ಟೆ. ಇದ್ದೆ ಅಷ್ಟೇ ಅಲ್ಲ, ಅದನ್ನು ನಡೆಸಿದವಳೇ ನಾನು ಎಂದು ಬರೆದುಕೊಟ್ಟೆ. ಆ ಬರಹವನ್ನು ನಂಬಿ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯ ನನಗೆ ರಾಜ್ಯಶಾಸ್ತ್ರದ ಪದವಿಗೆ ಸೀಟು ಕೊಟ್ಟಿತು. ಆ ಪದವಿಯ ಮೇಲೆ ಎಂ.ಎ. ಮಾಡಿಕೊಂಡು ಇವತ್ತು ವಿಜಯಪುರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೇನೆ. ಎಂಟು ವರ್ಷ ಈ ಸುಳ್ಳು ಯಾರಿಗೂ ಗೊತ್ತಿರಲಿಲ್ಲ — ಇಲ್ಲ, ಒಬ್ಬರಿಗೆ ಗೊತ್ತಿತ್ತು. ಅವರ ಬಗ್ಗೆಯೇ ಮೊದಲು ಹೇಳಬೇಕು.

ಸುವರ್ಣಾ ವೈನಿ ನನ್ನ ಅಣ್ಣನ ಹೆಂಡತಿ. ತವರುಮನೆ ಬಬಲೇಶ್ವರದ ಹತ್ತಿರ ಸಾರವಾಡ. ನಮ್ಮದು ಟಿಕೋಟಾ ದಾಟಿ ಬಿಜ್ಜರಗಿ ಕಡೆಗೆ ಹೋಗುವಾಗ ಸಿಗುವ ಒಂದು ಸಣ್ಣ ಊರು — ಹೆಸರು ಬರೆಯುವುದಿಲ್ಲ, ನನ್ನ ತಪ್ಪಿಗೆ ಊರಿನ ಹೆಸರು ಅಂಟುವುದು ಬೇಡ. ವೈನಿ ನಮ್ಮ ಮನೆಗೆ ಬಂದಾಗ ನಾನು ಆರನೆಯ ತರಗತಿಯಲ್ಲಿದ್ದೆ. ದಿನಾ ಬೆಳಿಗ್ಗೆ ನನ್ನ ಜಡೆ ಹೆಣೆದು ಶಾಲೆಗೆ ಕಳಿಸುತ್ತಿದ್ದವರು ಅವರೇ. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಮುಂದೆ ಓದಬೇಕೆಂಬ ಆಸೆ ಅವರಿಗಿತ್ತಂತೆ. ಆ ಮಾತನ್ನು ಒಮ್ಮೆ ಮಾತ್ರ, ನನ್ನ ಪುಸ್ತಕಗಳಿಗೆ ರಟ್ಟು ಹಾಕುತ್ತ ಕುಳಿತಾಗ ಹೇಳಿದ್ದರು.

ನಾನು ವಿಜಯಪುರದ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದ ವರ್ಷ ಊರಲ್ಲಿ ಪಂಚಾಯ್ತಿ ಚುನಾವಣೆಯಾಯಿತು. ನಮ್ಮ ವಾರ್ಡು ಮಹಿಳಾ ಮೀಸಲು. ವೈನಿ ನಿಂತು ಗೆದ್ದರು. ಆದರೆ ಮೀಟಿಂಗಿಗೆ ಅಣ್ಣ ಹೋಗುತ್ತಿದ್ದ, ಅವನು ತಂದ ಕಾಗದಕ್ಕೆ ವೈನಿ ಸಹಿ ಹಾಕುತ್ತಿದ್ದರು. ಕೆಲವು ತಿಂಗಳು ಹೀಗೆಯೇ ನಡೆಯಿತು. ಒಂದು ದಿನ ವೈನಿ, ಇವತ್ತು ನೀವು ಹೊಲಕ್ಕೆ ಹೋಗಿರಿ, ಮೀಟಿಂಗಿಗೆ ನಾನು ಹೋಗುತ್ತೇನೆ ಎಂದರಂತೆ. ಅಣ್ಣ ನಕ್ಕನಂತೆ. ವೈನಿ ನಗದೆ ಸೀರೆ ಬದಲಿಸಿಕೊಂಡು ಹೋಗಿ ತಮ್ಮ ಕುರ್ಚಿಯಲ್ಲಿ ಕುಳಿತರಂತೆ.

ಆಮೇಲಿನದು ಆ ಗ್ರಾಮಸಭೆ. ನಮ್ಮೂರಲ್ಲಿ ಸಭೆ ಕರೆಯುತ್ತಿದ್ದದ್ದು ಬೆಳಗಿನ ಹೊತ್ತು, ಹೆಂಗಸರು ದ್ರಾಕ್ಷಿ ತೋಟಕ್ಕೋ ಒಣದ್ರಾಕ್ಷಿ ಶೆಡ್ಡಿಗೋ ಕೂಲಿಗೆ ಹೋದ ಮೇಲೆ. ಅವರಿಲ್ಲದೆ ಎಲ್ಲ ತೀರ್ಮಾನವಾಗುತ್ತಿತ್ತು. ವೈನಿ ಪಂಚಾಯ್ತಿ ಆಫೀಸಿಗೆ ಮೂರು ಸಲ ಓಡಾಡಿ, ಸಭೆಯನ್ನು ಶೆಡ್ಡಿನಲ್ಲೇ, ಹೆಂಗಸರು ರೊಟ್ಟಿ ತಿನ್ನಲು ಕೆಲಸ ಬಿಡುವ ಮಧ್ಯಾಹ್ನದ ಹೊತ್ತಿಗೆ ಇಡಿಸಿದರು. ದ್ರಾಕ್ಷಿಯ ತೊಟ್ಟು ಬಿಡಿಸುತ್ತ ಕುಳಿತ ಜಾಗದಲ್ಲೇ ಹೆಂಗಸರು ಸಭೆಯಲ್ಲೂ ಕುಳಿತರು. ಕುಡಿಯುವ ನೀರಿನ ಹೊಸ ನಳ ಎಲ್ಲಿ ಕೂರಿಸಬೇಕು ಎಂಬ ಮಾತು ಬಂದಾಗ ಅಲ್ಲಿ ಒಂದು ಪ್ರಶ್ನೆ ಕೇಳಿಬಂತು: “ನೀರ ಹೊರಾವ್ರು ನಾವು. ನಳ ಎಲ್ಲಿರಬೇಕಂತ ನಮ್ಮನ್ನ ಯಾಕ ಕೇಳಂಗಿಲ್ಲ?”

ನಳ ಆ ಹೆಂಗಸರಿರುವ ಕೆಳಗಿನ ಓಣಿಗೆ ಬಂತು.

ಆ ವಾರ ವೈನಿ ಹಾಸ್ಟೆಲಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದರು. ನನ್ನ ಮುಂದೆ ರಸಾಯನಶಾಸ್ತ್ರದ ಪುಸ್ತಕ ತೆರೆದಿತ್ತು. ಹ್ಞೂಂ, ಹ್ಞೂಂ ಎನ್ನುತ್ತ ಪುಟ ತಿರುವುತ್ತಿದ್ದೆ. ಅರ್ಧ ಕಿವಿಯಲ್ಲಿ ಕೇಳಿಸಿಕೊಂಡೆ. ಆ ಪ್ರಶ್ನೆ ಕೇಳಿದ್ದು ಯಾರು ಎಂದೂ ಅವರು ಹೇಳಿರಬೇಕು — ನನಗೆ ನೆನಪಿಲ್ಲ. ವೈನಿಯೇ ಕೇಳಿದ್ದು ಎಂದುಕೊಂಡೆ.

ವೈದ್ಯಕೀಯ ಸೀಟು ನನಗೆ ಸಿಗಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿದ್ದ ಚಿಕ್ಕಮ್ಮ, ಅಲ್ಲಿಗೆ ಬಂದು ಕಮ್ಯುನಿಟಿ ಕಾಲೇಜು ಸೇರು, ಎರಡು ವರ್ಷ ಅಲ್ಲಿ ಓದಿ ನರ್ಸಿಂಗಿಗೆ ಹೋಗಬಹುದು ಎಂದರು. ಅಪ್ಪ ಒಪ್ಪಲಿಲ್ಲ. ಹೆಣ್ಣುಹುಡುಗಿ, ಅಷ್ಟು ದೂರ. ಮಾವನ ಎದುರು ದನಿ ಎತ್ತಿ ಮಾತಾಡದ ವೈನಿ ಅವತ್ತು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಮಾವಾರ, ಆಕಿ ಹೋಗ್ಲಿರಿ. ಮನ್ಯಾಗ ನಾ ಅದೀನಿ” ಎಂದರು. ಅಪ್ಪ ಮರುದಿನ ಪಾಸ್‌ಪೋರ್ಟಿಗೆ ಏನೇನು ಬೇಕು ಎಂದು ಅಣ್ಣನನ್ನು ಕೇಳಿದರು.

ಆ ಕಾಲೇಜನ್ನು ನೆನೆದರೆ ಈಗಲೂ ಮನಸ್ಸು ತುಂಬುತ್ತದೆ. ಬಾಗಿಲಿಗೆ ಬಂದವರನ್ನೆಲ್ಲ ಒಳಗೆ ಕರೆದುಕೊಳ್ಳುವ ಕಾಲೇಜು ಅದು. ನನ್ನ ಪಕ್ಕದ ಬೆಂಚಿನಲ್ಲಿ ಲಾರಿ ಓಡಿಸಿ ಬಂದು ಪಾಠ ಕೇಳುವ ನಡುವಯಸ್ಸಿನ ಗಂಡಸು, ಮುಂದೆ ಮೂರು ಮಕ್ಕಳ ತಾಯಿ. ವಯಸ್ಸು ಮೀರಿತು ಎಂದು ಅಲ್ಲಿ ಯಾರಿಗೂ ಯಾರೂ ಹೇಳುತ್ತಿರಲಿಲ್ಲ. ನರ್ಸಿಂಗಿಗೆ ಬೇಕಾದ ವಿಷಯಗಳ ಜೊತೆಗೆ ಬೇರೆ ಒಂದಷ್ಟು ವಿಷಯ ಎಲ್ಲರೂ ಓದಲೇಬೇಕು. ಅವುಗಳಲ್ಲಿ ಒಂದು, ಸರ್ಕಾರ ಹೇಗೆ ನಡೆಯುತ್ತದೆ ಎಂಬುದು. ಅದನ್ನು ಕಲಿಸುತ್ತಿದ್ದ ಮೇಡಂ ನಮಗೆ ಅಲ್ಲಿಯ ನಗರಸಭೆಯ ಮೀಟಿಂಗಿಗೆ ಹೋಗಿ ನೋಡಿಕೊಂಡು ಬಂದು ಎರಡು ಪುಟ ಬರೆಯಿರಿ ಎಂದರು. ಹೋದೆ. ಒಬ್ಬ ಮುದುಕಿ ಮೈಕಿನ ಮುಂದೆ ನಿಂತು ತನ್ನ ಬೀದಿಯ ದೀಪದ ಬಗ್ಗೆ ಮಾತಾಡಿದಳು. ಐದಾರು ಸದಸ್ಯರು ಬರೆದುಕೊಂಡರು. ನನಗೆ ಥಟ್ಟನೆ ವೈನಿ ನೆನಪಾದರು. ಹಿಂದೆ ಅರ್ಧ ಕಿವಿಯಲ್ಲಿ ಕೇಳಿದ್ದನ್ನು ಆ ಎರಡು ಪುಟದಲ್ಲಿ ಬರೆದೆ — ಅವತ್ತು ‘ನನ್ನ ಅತ್ತಿಗೆ’ ಎಂದೇ ಬರೆದಿದ್ದೆ. ಮೇಡಂ ಅದನ್ನು ಓದಿ, ನೀನು ಇದನ್ನೇ ಯಾಕೆ ಓದಬಾರದು ಎಂದು ಕೇಳಿದರು.

ನರ್ಸಿಂಗ್ ಬಿಟ್ಟು ರಾಜ್ಯಶಾಸ್ತ್ರ ಓದುತ್ತೇನೆ ಎಂದಾಗ ಚಿಕ್ಕಮ್ಮ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಅವರೇ ಕಾರಿನಲ್ಲಿ ಕಾಲೇಜಿನ ಸಲಹೆಗಾರ್ತಿಯ ಹತ್ತಿರ ಕರೆದುಕೊಂಡು ಹೋದರು. ಅಮೆರಿಕದಲ್ಲೇ ಮುಂದುವರಿದರೆ ಇನ್ನೂ ನಾಲ್ಕಾರು ವಿಷಯ ಜೊತೆಗೆ ಹೊರಬೇಕು, ಬ್ರಿಟನ್ನಿನಲ್ಲಾದರೆ ಮೊದಲ ದಿನದಿಂದ ರಾಜ್ಯಶಾಸ್ತ್ರ ಒಂದೇ, ಇಲ್ಲಿ ಓದಿದ್ದನ್ನು ಒಪ್ಪಿಕೊಂಡರೆ ನೇರ ಎರಡನೆಯ ವರ್ಷಕ್ಕೆ ಸೇರಬಹುದು ಎಂದು ಆಕೆ ತಿಳಿಸಿ ಹೇಳಿದರು. ಅರ್ಜಿಯ ಜೊತೆ ಒಂದು ಹೇಳಿಕೆ ಬರೆಯಬೇಕು. ಈ ವಿಷಯ ಯಾಕೆ, ಇದಕ್ಕಾಗಿ ನೀನು ಏನು ಮಾಡಿದ್ದೀಯ. ನಾನು ವೈನಿಯ ಸಭೆಯ ಬಗ್ಗೆ ಬರೆದು ತೋರಿಸಿದೆ. ಆಕೆ ಓದಿ, ತುಂಬ ಚೆನ್ನಾಗಿದೆ, ಆದರೆ ಇದರಲ್ಲಿ ನಿನ್ನ ಅತ್ತಿಗೆ ಇದ್ದಾಳೆ, ನೀನೆಲ್ಲಿದ್ದೀಯ ಎಂದು ಕೇಳಿದರು.

ಅದು ಸರಿಯಾದ ಪ್ರಶ್ನೆ. ಅದಕ್ಕೆ ನನ್ನ ಬಳಿ ನಿಜವಾದ ಉತ್ತರವೂ ಇತ್ತು. ನಾನು ಅಲ್ಲಿರಲಿಲ್ಲ, ನಮ್ಮ ಮನೆಯಲ್ಲೇ ಇಷ್ಟು ದೊಡ್ಡದು ನಡೆಯುವಾಗ ನಾನು ಪುಟ ತಿರುವುತ್ತಿದ್ದೆ, ಅದಕ್ಕೇ ಈಗ ಓದಬೇಕು. ಇಷ್ಟು ಬರೆದಿದ್ದರೂ ಸೀಟು ಸಿಗುತ್ತಿತ್ತೋ ಏನೋ. ನಾನು ಅದನ್ನು ಬರೆಯಲಿಲ್ಲ. ಒಂದು ಮಧ್ಯಾಹ್ನ ಕಾಲೇಜಿನ ಲೈಬ್ರರಿಯಲ್ಲಿ ಕುಳಿತು ಅತ್ತಿಗೆ ಎಂದಿದ್ದ ಕಡೆಯಲ್ಲೆಲ್ಲ ನಾನು ಎಂದು ತಿದ್ದಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಒಂದೇ ಅಕ್ಷರ ಸಾಕು. ತಿದ್ದಿ ಮುಗಿದ ಮೇಲೆ ಬರಹ ಸ್ವಲ್ಪ ಸಪ್ಪೆ ಅನಿಸಿತು. ಎರಡು ಸಾಲು ಸೇರಿಸಿದೆ — ಇವನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ — ‘ಹೆಂಗಸರೆಲ್ಲ ತಲೆ ತಗ್ಗಿಸಿ ಸುಮ್ಮನೆ ಕುಳಿತಿದ್ದರು. ಆಗ ನಾನು ಎದ್ದು ಕೇಳಿದೆ.’ ಅದರ ಕೆಳಗೆ ಆ ನಳದ ಪ್ರಶ್ನೆ.

ನೀರ ಹೊರಾವ್ರು ನಾವು. ನಮ್ಮ ಮನೆಯ ಅಂಗಳದಲ್ಲೇ ಬೋರು ಇತ್ತು. ನಾನು ಒಂದು ದಿನವೂ ಓಣಿಯ ನಳದಿಂದ ಕೊಡ ಹೊತ್ತವಳಲ್ಲ.

ಸೀಟು ಬಂತು. ವೈನಿಗೆ ಫೋನು ಮಾಡಿದಾಗ ಅವರು ಅತ್ತರು. ನಾನೂ ಅತ್ತೆ. ಆ ಅಳುವಿನಲ್ಲಿ ಎಷ್ಟು ಸಂತೋಷ, ಎಷ್ಟು ಭಯ — ಗೊತ್ತಿಲ್ಲ.

ಇಂಗ್ಲೆಂಡಿನಲ್ಲಿ ಮೊದಲು ಬಹಳ ಒದ್ದಾಡಿದೆ. ಅಮೆರಿಕದ ಕಾಲೇಜಿನಲ್ಲಿ ವಾರವಾರ ಸಣ್ಣ ಪರೀಕ್ಷೆ, ಬಿದ್ದರೂ ಮುಂದಿನ ವಾರ ಏಳಬಹುದು. ಇಲ್ಲಿ ಹತ್ತು ಜನ ಮೇಜಿನ ಸುತ್ತ ಕುಳಿತು, ಓದಿದ್ದರ ಮೇಲೆ ವಾದ ಮಾಡಬೇಕು. ತಿಂಗಳುಗಟ್ಟಲೆ ಯಾರೂ ಏನೂ ಕೇಳುವುದಿಲ್ಲ, ಕೊನೆಗೆ ಒಂದು ದೊಡ್ಡ ಪ್ರಬಂಧ. ನನ್ನ ಮೊದಲ ಪ್ರಬಂಧ ತೀರ ಕಳಪೆಯಾಗಿತ್ತು. ನನ್ನ ಟ್ಯೂಟರ್, ಮೃದು ಮಾತಿನ ಹೆಂಗಸು, ಅದನ್ನು ಪಕ್ಕಕ್ಕಿಡದೆ ಮೂರು ಸಲ ನನ್ನನ್ನು ಎದುರಿಗೆ ಕೂರಿಸಿಕೊಂಡು ಸಾಲು ಸಾಲಾಗಿ ತಿದ್ದಿಸಿದರು. ವಾದ ಮಾಡುವುದನ್ನು, ಸಾಕ್ಷಿ ಇಲ್ಲದ್ದನ್ನು ಹೇಳದಿರುವುದನ್ನು — ಹೌದು, ಅದನ್ನೇ — ಅವರು ನನಗೆ ಕಲಿಸಿದರು. ಅವರ ಋಣ ದೊಡ್ಡದು.

ಅವರಿಗೆ ನನ್ನ ಅರ್ಜಿಯ ಹೇಳಿಕೆ ನೆನಪಿತ್ತು. ಒಂದು ತರಗತಿಯಲ್ಲಿ ಆ ನಳದ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು, ಪ್ರಜಾಪ್ರಭುತ್ವದ ಬಗ್ಗೆ ನಾವು ಓದುವ ದಪ್ಪ ಪುಸ್ತಕಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಆಗಲಾದರೂ ಹೇಳಬಹುದಿತ್ತು. ನಾನು ಇನ್ನಷ್ಟು ಹೇಳಿದೆ — ಶೆಡ್ಡಿನ ವಾಸನೆ, ಗಂಡಸರ ಮುಖ, ನನ್ನ ಎದೆಬಡಿತ. ಮುಂದೆ ವಿಭಾಗದ ವೆಬ್‌ಸೈಟಿನಲ್ಲಿ ನನ್ನ ಫೋಟೋ ಹಾಕಿ ಆ ಹೇಳಿಕೆಯನ್ನೇ ಪ್ರಕಟಿಸಿದರು.

ಕೊನೆಯ ವರ್ಷದ ಪ್ರಬಂಧಕ್ಕೆ ಟ್ಯೂಟರ್ ಸೂಚಿಸಿದ ವಿಷಯವೂ ಅದೇ. ನಿನ್ನ ಊರಿಗೆ ಹೋಗಿ ಆ ಹೆಂಗಸರ ಮಾತನ್ನು ದಾಖಲಿಸಿಕೊಂಡು ಬಾ ಎಂದರು. ಕ್ರಿಸ್‌ಮಸ್ ರಜೆಯಲ್ಲಿ ಹೋಗಬೇಕಿತ್ತು. ಏನೇನೋ ನೆಪ ಹೇಳಿ ತಪ್ಪಿಸಿಕೊಂಡೆ. ಈಸ್ಟರ್ ರಜೆಯಲ್ಲಿ ಹೋಗದೆ ದಾರಿಯಿರಲಿಲ್ಲ. ಊರಿಗೆ ಬಂದಾಗ ದ್ರಾಕ್ಷಿ ಒಣಗಿಸುವ ಸುಗ್ಗಿ, ಶೆಡ್ಡುಗಳೆಲ್ಲ ತುಂಬಿದ್ದವು. ವೈನಿ ಹೆಂಗಸರಿಗೆಲ್ಲ ಮೊದಲೇ ಹೇಳಿಟ್ಟಿದ್ದರು. ಅವತ್ತು ನನಗೆ ರೊಟ್ಟಿ ಬಡಿದು ಹಾಕಿ, ತಾವೂ ಎದುರಿಗೆ ಕುಳಿತು, ನಿಧಾನಕ್ಕೆ ಹೇಳಿದರು:

“ನೀ ಬರದಿದ್ದು ನಾ ಓದೇನಿ, ತಂಗೀ. ನಿಮ್ಮಣ್ಣಾರು ನಿನ್ನ ಫೋಟೋ ಬಂದೈತಿ ಅಂತ ಅಷ್ಟ ತೋರಿಸಿದ್ರು, ಕೆಳಗಿಂದು ಓದಿದಾಕಿ ನಾ ಒಬ್ಬಾಕಿನ. ಮೊಬೈಲ್‌ನ್ಯಾಗ ಒತ್ತಿದ್ರ ಕನ್ನಡ ಆಗತೈತಿ.”

ಮುರಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟೆ. ವೈನೀ, ತಪ್ಪಾತ್ರಿ ಎಂದೆ.

“ನನ್ನ ಹೆಸರ ತಗದಿ ಅಂತ ನನಗ ಸಿಟ್ಟಿಲ್ಲ” ಎಂದರು ವೈನಿ. “ನೀ ಹೋಗಬೇಕಂತ ನಾನೂ ಆಸೆ ಮಾಡೇನಿ. ಆದ್ರ ಹೆಣ್ಮಕ್ಕಳು ಸುಮ್ಮ ಕುಂತಿದ್ರು ಅಂತ ಬರದಿಯಲ್ಲ, ಅದು ಸುಳ್ಳ. ಆ ಮಾತ ನನ್ನದೂ ಅಲ್ಲ. ಗಂಗವ್ವಾಯಿದು.”

ಗಂಗವ್ವಾಯಿ ಯಾರೆಂದು ನಾನು ನೆನಪು ಮಾಡಿಕೊಳ್ಳಬೇಕಾಯಿತು. ಕೆಳಗಿನ ಓಣಿಯವರು. ಅವರ ಗಂಡ ಕುರಿ ಕಾಯುತ್ತಿದ್ದರು. ಅವರು ಮೊದಲು ಗಂಡನ ಜೊತೆ ಕುರಿ ಹಿಂದೆ ಹೋಗುತ್ತಿದ್ದವರು, ಆಮೇಲೆ ಶೆಡ್ಡಿನ ಕೂಲಿಗೆ ಬಂದವರು. ಅಂದರೆ ನಾನು ಯಾರ ಮಾತನ್ನು ಎತ್ತಿಕೊಂಡೆ ಎಂಬುದೂ ನನಗೆ ತಿಳಿದಿರಲಿಲ್ಲ. ಸಭೆಯನ್ನು ಅಲ್ಲಿಗೆ ತಂದದ್ದು ವೈನಿ. ಅಲ್ಲಿ ಮೊದಲು ಬಾಯಿ ಬಿಟ್ಟದ್ದು ಗಂಗವ್ವಾಯಿ. ಅವರ ಹಿಂದೆ ಏಳೆಂಟು ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಮಾತಾಡಿದ್ದರಂತೆ. ಅವರೆಲ್ಲರ ತಲೆಯನ್ನು ನಾನು ಒಂದು ಸಾಲಿನಲ್ಲಿ ತಗ್ಗಿಸಿಬಿಟ್ಟಿದ್ದೆ.

ವೈನಿ ನನ್ನನ್ನು ಶೆಡ್ಡಿಗೆ ಕರೆದುಕೊಂಡು ಹೋದರು. ದಾರಿಯಲ್ಲಿ, ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ, ಹೇಳಬೇಕಾದವಳು ನೀನು ಎಂದಷ್ಟೇ ಹೇಳಿದರು. ಗಂಗವ್ವಾಯಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೈಗೆ ಒಂದು ಹಿಡಿ ಒಣದ್ರಾಕ್ಷಿ ಕೊಟ್ಟು, ವಿಲಾಯತಿಯಲ್ಲಿ ಊಟ ಸರಿಯಾಗಿ ಸಿಗುತ್ತದೋ ಇಲ್ಲವೋ ಎಂದು ಕೇಳಿದರು. ನಾನು ರೆಕಾರ್ಡರ್ ಒತ್ತಿದೆ. ಅವರು ನಳದ ಕಥೆ ಹೇಳಿದರು. ನನ್ನ ಸುಳ್ಳಿನ ಮಾತು ಎತ್ತದೆ ಎದ್ದು ಬಂದೆ.

ಪ್ರಬಂಧದಲ್ಲಿ ಅವರ ಮಾತನ್ನು ಅವರದೆಂದೇ ಬರೆದೆ. ಆದರೆ ಸಂಶೋಧನೆಯ ನಿಯಮದಂತೆ ಹೆಸರು ಮರೆಸಬೇಕು, ಹಾಗಾಗಿ ಅವರು ‘ಮೂರನೆಯ ಮಹಿಳೆ’ ಆದರು. ಅರ್ಜಿಯಲ್ಲಿ ಒಂದು, ಪ್ರಬಂಧದಲ್ಲಿ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ಯಾರೂ ನೋಡಲಿಲ್ಲ. ಒಳ್ಳೆಯ ಅಂಕ ಬಂದವು. ಪದವಿ ಸಿಕ್ಕಿತು. ವೈನಿ ಮತ್ತೆ ಆ ಮಾತು ಎತ್ತಲಿಲ್ಲ. ನಾನು ಊರಿಗೆ ಹೋದಾಗೆಲ್ಲ ಅದೇ ಪ್ರೀತಿಯಿಂದ ಊಟಕ್ಕೆ ಬಡಿಸಿದರು. ಅವರು ಬೈದಿದ್ದರೆ ಬೇಗ ಹೇಳುತ್ತಿದ್ದೆನೇನೋ — ಇಲ್ಲ, ಇದು ನೆಪ. ಹೇಳುವ ಧೈರ್ಯ ನನಗಿರಲಿಲ್ಲ.

ಈ ವರ್ಷ ಕಾಲೇಜು ಶುರುವಾದ ಹೊಸದರಲ್ಲಿ ಹುಡುಗಿಯರು, ಮೇಡಂ, ನೀವು ಅಮೆರಿಕಕ್ಕೆ ಹೋಗಿದ್ದವರು ಇಂಗ್ಲೆಂಡಿಗೆ ಹೇಗೆ ಹೋದಿರಿ ಎಂದು ಕೇಳಿದರು. ನಾನು ಹೇಳುತ್ತ ಹೇಳುತ್ತ, ಅಭ್ಯಾಸಬಲದಿಂದ, ಆ ನಳದ ಪ್ರಶ್ನೆಯನ್ನೂ ಹೇಳಿದೆ. ನಮ್ಮೂರ ಸಭೆಯಲ್ಲಿ ನಾನು ಕೇಳಿದ್ದು ಎಂದೇ ಹೇಳಿದೆ. ಮುಂದಿನ ಬೆಂಚಿನಲ್ಲಿದ್ದ ಒಬ್ಬಳು ಕೈ ಎತ್ತಿದಳು. ದಿನಾ ಟಿಕೋಟಾ ಕಡೆಯ ಬಸ್ಸಿಗೆ ಬರುವ ಹುಡುಗಿ.

“ಮೇಡಂ, ಆ ಮಾತ ನಮ್ಮ ಆಯಿ ಅಂದಿದ್ದಲ್ರಿ?”

ಅವಳ ದನಿಯಲ್ಲಿ ಆರೋಪವಿರಲಿಲ್ಲ, ಬರೀ ಸಂಶಯವಿತ್ತು — ತನಗೇ ತಪ್ಪಾಗಿ ನೆನಪಿದೆಯೇನೋ ಎನ್ನುವ ಹಾಗೆ. ಅವಳು ಗಂಗವ್ವಾಯಿಯ ಮೊಮ್ಮಗಳು ಎಂದು ಆಗ ಹೊಳೆಯಿತು. ನನ್ನಿಂದಾಗಿ ಆ ಹುಡುಗಿ ತನ್ನ ಅಜ್ಜಿಯನ್ನೇ ಅನುಮಾನಿಸುತ್ತಿದ್ದಳು. ಹೌದು, ನಿಮ್ಮ ಆಯಿಯದೇ, ನಾನು ಸುಳ್ಳು ಹೇಳಿದೆ ಎಂದೆ. ಆ ಹುಡುಗಿ ಸಣ್ಣಗೆ ನಕ್ಕಳು. ನಾನು ತಪ್ಪೊಪ್ಪಿಕೊಂಡೆನೆಂದಲ್ಲ, ಆಯಿಯ ಮಾತು ಆಯಿಯದೇ ಆಯಿತಲ್ಲ ಎಂಬ ಖುಷಿಗೆ.

ಆ ಭಾನುವಾರ ಊರಿಗೆ ಹೋದೆ. ಗಂಗವ್ವಾಯಿಯ ಮನೆಯವರೆಗೆ ವೈನಿ ಜೊತೆಗೆ ಬಂದರು. ಆದರೆ ಅವರು ಹೊರಗಿನ ಕಟ್ಟೆಯ ಮೇಲೆಯೇ ಕುಳಿತರು. ಗಂಗವ್ವಾಯಿಗೆ ಎಲ್ಲವನ್ನೂ ಹೇಳಿದೆ — ಅರ್ಜಿ, ಆ ಎರಡು ಸಾಲು, ಬೋರ್ಡು, ವೆಬ್‌ಸೈಟು. ಅವರು ಕಾಲು ಚಾಚಿಕೊಂಡು ಕೇಳಿದರು. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

“ಹಂಗಾರ ಅಲ್ಲಿ ಮಂದಿ, ನಮಗ ಮಾತಾಡಾಕ ಬರಂಗಿಲ್ಲಂತ ತಿಳಕೊಂಡಾರೇನು?”

ಹೌದು ಆಯೀ, ನನ್ನಿಂದ ಹಾಗೆ ತಿಳಿದುಕೊಂಡಿದ್ದಾರೆ ಎಂದೆ.

“ಮೊದಲ ಅದನ್ನ ತಿದ್ದು” ಎಂದರು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಚಹಾ ಕುಡಿಸಿ ಕಳಿಸಿದರು.

ಮರುದಿನವೇ ಟ್ಯೂಟರಿಗೂ ವಿಶ್ವವಿದ್ಯಾಲಯಕ್ಕೂ ಬರೆದೆ. ಪದವಿ ಹಿಂದಕ್ಕೆ ತೆಗೆದುಕೊಳ್ಳುವುದಾದರೆ ತೆಗೆದುಕೊಳ್ಳಿ ಎಂದೂ ಬರೆದೆ. ಇಲ್ಲಿಯ ಕಾಲೇಜಿನ ಪ್ರಿನ್ಸಿಪಾಲರಿಗೂ ತಿಳಿಸಿದೆ. ವಿಶ್ವವಿದ್ಯಾಲಯದಿಂದ ಚಿಕ್ಕ ಉತ್ತರ ಬಂದಿದೆ: ಪತ್ರ ತಲುಪಿದೆ, ಪರಿಶೀಲಿಸುತ್ತೇವೆ, ವೆಬ್‌ಸೈಟಿನ ಬರಹವನ್ನು ತೆಗೆದಿದ್ದೇವೆ. ಮುಂದೇನಾಗುತ್ತದೆ ಗೊತ್ತಿಲ್ಲ. ಟ್ಯೂಟರ್ ಬೇರೆಯಾಗಿ ಬರೆದರು. ತಮಗೆ ಬಹಳ ನೋವಾಗಿದೆ ಎಂದು ಮರೆಮಾಚದೆ ಹೇಳಿದ್ದರು. ಕೊನೆಯಲ್ಲಿ, ಮುಂದಿನ ತರಗತಿಗೆ ಆ ಪ್ರಶ್ನೆಯ ಜೊತೆ ಬರೆಯಲು ಆ ಹೆಂಗಸಿನ ಪೂರ್ತಿ ಹೆಸರು ಬೇಕು, ಅವರ ಒಪ್ಪಿಗೆಯನ್ನೂ ಕೇಳು ಎಂದಿದ್ದರು. ಗಂಗವ್ವಾಯಿ ಒಪ್ಪಿದರು. ಹೆಸರು ಕಳಿಸಿದ್ದೇನೆ.

ಈ ಜನ ನನಗೆ ಕೊಟ್ಟದ್ದನ್ನು ನೆನೆಯುತ್ತೇನೆ — ದಾರಿ ಬಿಡಿಸಿಕೊಟ್ಟ ವೈನಿ, ಬಾಗಿಲು ತೆರೆದಿಟ್ಟ ಆ ಕಾಲೇಜು, ಎದುರಿಗೆ ಕೂರಿಸಿಕೊಂಡು ತಿದ್ದಿದ ಟ್ಯೂಟರ್, ಬಾಯಿ ತೆರೆದು ಕೇಳಿದ ಆ ಹುಡುಗಿ. ಕೇಳಿದ್ದರೆ ಎಲ್ಲರೂ ಕೊಡುತ್ತಿದ್ದರು. ಕದಿಯಬೇಕಾಗಿರಲಿಲ್ಲ.

ಈ ಬರಹ ಮುಗಿಸಿ, ಅಚ್ಚಿಗೆ ಕೊಡುವ ಮುಂಚೆ, ಗಂಗವ್ವಾಯಿಯ ಮನೆಯಲ್ಲಿ ಓದಿ ಹೇಳಿದೆ. ಓಣಿಯ ನಾಲ್ಕೈದು ಹೆಂಗಸರು ಬಂದು ಕುಳಿತಿದ್ದರು. ಗಂಗವ್ವಾಯಿ ಎದ್ದು ನಿಂತು ಮಾತಾಡಿದರು ಎಂದು ಒಂದು ಕಡೆ ಬರೆದಿದ್ದೆ. ಅವರು ಕೈ ಎತ್ತಿ ನನ್ನನ್ನು ತಡೆದರು. ಎದ್ದಿರಲಿಲ್ಲವಂತೆ, ಮೊಳಕಾಲು ನೋವಿತ್ತಂತೆ. “ಕುಂತ ಮಾತಾಡೇನಿ. ಹಂಗ ಬರಿ” ಎಂದರು. ಪೆನ್ನು ತೆಗೆದು ಅಲ್ಲೇ ಆ ಸಾಲು ಹೊಡೆದು ಹಾಕಿದೆ. ಅವರು ಮುಂದೆ ಓದು ಎಂದರು. ಪಕ್ಕದಲ್ಲಿದ್ದ ಇನ್ನೊಬ್ಬರು, ತಾವು ಅವತ್ತು ಏನು ಕೇಳಿದ್ದರು ಎಂಬುದನ್ನು ಹೇಳಲು ಶುರು ಮಾಡಿದರು. ನಾನು ಹಾಳೆ ತಿರುವಿ, ಹಿಂದುಗಡೆಯ ಖಾಲಿ ಪುಟದಲ್ಲಿ ಬರೆದುಕೊಳ್ಳುತ್ತ ಹೋದೆ.